ಮೇಲಿನ ಮೋಡ

ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಿದ್ದಾಗಲೂ ಅವನ ಕಣ್ಣ ಮುಂದೆ ಆ ಮೋಡವೇ ಇತ್ತು. ನಿನ್ನೆ ಸಂಜೆ ಆಫೀಸಿನ ತಾರಸಿಗೆ, ಮೋಡದ ಎತ್ತರ ಅಳೆಯುವ ಲೈಡಾರಿನ ಗಾಜು ಒರೆಸಲು ಹೋದಾಗ ಕಂಡದ್ದು. ಊರಿಗೆ ಊರನ್ನೇ ಮುಚ್ಚಿದ್ದ ಬೂದುಬಣ್ಣದ ಮೋಡ ಪಶ್ಚಿಮದ ಕಡೆ ಒಂದಿಷ್ಟು ಹರಿದಿತ್ತು. ಆ ಹರಕಿನಾಚೆ, ಬಹಳ ಮೇಲೆ, ಹಿಂಜಿದ ಹತ್ತಿಯ ಹಾಗೆ ಇನ್ನೊಂದು ಮೋಡ. ಮುಳುಗುವ ಸೂರ್ಯ ಕೆಳಗಿನದನ್ನು ಕೈಬಿಟ್ಟು ಮೇಲಿನದಕ್ಕೆ ಮಾತ್ರ ಸಿಕ್ಕಿದ್ದನೇನೋ, ಅದು ಒಳಗಿನಿಂದಲೇ ಹೊತ್ತಿಕೊಂಡ ಹಾಗೆ ಕೆಂಪಗಿತ್ತು. ಒರೆಸುವ ಬಟ್ಟೆ ಹಿಡಿದು ಸುಮ್ಮನೆ ನೋಡುತ್ತ ನಿಂತಿದ್ದ. ಇಷ್ಟು ವರ್ಷ ಮೋಡದ ಕೆಲಸ ಮಾಡಿಯೂ ಮೋಡವನ್ನು ನೋಡಿಯೇ ಇಲ್ಲವಲ್ಲ ಅಂತಲೂ ಅನ್ನಿಸಿತ್ತು. ಆಮೇಲೆ ಕೆಳಗಿಳಿದು, ಕೋಣೆಗೆ ಬಂದು, ಅಭ್ಯಾಸಬಲದಿಂದ ಪರದೆಯತ್ತ ಕಣ್ಣು ಹಾಯಿಸಿದ. ಕೆಳಗಿನ ಪದರದ ಎತ್ತರ ಸರಿಯಾಗಿಯೇ ಇತ್ತು. ಮೇಲಿನ ಪದರದ ಜಾಗದಲ್ಲಿ ಸೊನ್ನೆ ಇತ್ತು.

ಉಪಕರಣಕ್ಕೆ ಅದು ಕಾಣದಿದ್ದದ್ದು ಆಶ್ಚರ್ಯವಲ್ಲ. ಅದು ಮಾಡುವುದು ಇಷ್ಟೇ: ಹಸಿರು ಬೆಳಕನ್ನು ಬಿಟ್ಟು ಬಿಟ್ಟು ನೆತ್ತಿಯ ನೇರಕ್ಕೆ ಎಸೆಯುತ್ತದೆ, ಮೋಡಕ್ಕೆ ತಾಗಿ ವಾಪಸು ಬರುವ ಚೂರುಪಾರು ಬೆಳಕನ್ನು ಹಿಡಿಯುತ್ತದೆ, ಬರಲು ತಗುಲಿದ ಸಮಯದಿಂದ ಎತ್ತರ ಹೇಳುತ್ತದೆ. ಕೆಳಗಿನ ಮೋಡ ತೆಳ್ಳಗಿದ್ದರೆ ಬೆಳಕು ಅದನ್ನು ದಾಟಿ ಮೇಲಿನದನ್ನೂ ಮುಟ್ಟಿ ಬರುತ್ತದೆ. ದಪ್ಪಗಿದ್ದರೆ ಅದರ ಹೊಟ್ಟೆಯೊಳಗೇ ಸಾಯುತ್ತದೆ. ಇದು ಅವನಿಗೆ ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಿಂದಲೂ ಗೊತ್ತು. ಸಂದರ್ಶಕರು ಬಂದಾಗ ಅವನೇ ಹೇಳುವ ಮಾತು. ಆದರೆ ಬೆಳಕು ತಲುಪದಿದ್ದರೆ ‘ಗೊತ್ತಿಲ್ಲ’ ಎಂದಿರಬೇಕಿತ್ತು, ಆ ಜಾಗ ಖಾಲಿ ಇರಬೇಕಿತ್ತು. ಸೊನ್ನೆ ಎಂದರೆ ಮೋಡವಿಲ್ಲ ಎಂದು. ಇಲ್ಲ ಎಂದು ಹೇಳಿದವರು ಯಾರು? ಹಳೆಯ ಪ್ರೋಗ್ರಾಂ ತೆಗೆದು ನೋಡಿದಾಗ, ಹೇಳಿದವನು ತಾನೇ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಖಾಲಿ ಜಾಗ ಬಂದರೆ ಸರಾಸರಿ ತೆಗೆಯುವ ಲೆಕ್ಕ ಅಲ್ಲೇ ನಿಂತುಬಿಡುತ್ತಿತ್ತು. ನಿಲ್ಲಬಾರದೆಂದು ಅವನು ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬುವ ಒಂದು ಸಾಲು ಸೇರಿಸಿದ್ದ. ಆ ದಿನ ಅದು ಓಡಿದಾಗ ಖುಷಿಯಾಗಿ ಎರಡು ಲೋಟ ಟೀ ಕುಡಿದಿದ್ದ. ಅದೂ ನೆನಪಾಯಿತು.

“ಅಳಿಯಂದಿರೇ, ಮೋಡಗಳ ಹಾಜರಿ ಮುಗೀತಾ?” ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಮಾವ ಕೇಳಿದರು. ಕಿವಿ ಮಂದವಾದ ಮೇಲೆ ಅವರ ದನಿ ಜೋರಾಗಿತ್ತು, ತಮಾಷೆಯೂ ಜೋರಾಗಿತ್ತು. “ಯಾರಾದ್ರೂ ಗೈರುಹಾಜರಾ?”

ಅವನು ನಕ್ಕಂತೆ ಮಾಡಿದ.

“ಅಪ್ಪಾ, ಅವರನ್ನ ಸುಮ್ನೆ ಬಿಡಿ. ಇವತ್ತು ದೊಡ್ಡ ಮೀಟಿಂಗು,” ಹೆಂಡತಿ ಒಳಗಿನಿಂದ ಹೇಳಿದಳು.

“ಏನಂದೆ?”

“ಮೀಟಿಂಗೂ ಅಂದೆ.”

“ಮೀಟಿಂಗಲ್ಲಿ ಇವರು ಏನು ಮಾತಾಡ್ತಾರೆ?”

“ಮಾತಾಡಲ್ಲ. ಕೂತಿರ್ತಾರೆ.”

ಅದನ್ನು ಅವಳು ಚುಚ್ಚಲು ಹೇಳಿದ್ದಲ್ಲ. ತಟ್ಟೆ ಇಟ್ಟ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದೇ ಅವನಿಗೆ ತಡೆಯದಾಯಿತು. ನಿನ್ನೆ ಬಂದವನೇ ಅವಳಿಗೆ ಹೇಳಬೇಕೆಂದುಕೊಂಡಿದ್ದ. ಎಲ್ಲಿಂದ ಶುರು ಮಾಡುವುದು? ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ ಹೇಳಬೇಕು, ಅದಕ್ಕೂ ಮುಂಚೆ ಉಪಗ್ರಹ ಏನು ನೋಡುತ್ತದೆ ಎಂದು ಹೇಳಬೇಕು, ಅಷ್ಟರಲ್ಲಿ ಅವಳು ಒಗೆದ ಬಟ್ಟೆ ಮಡಚುತ್ತ, “ಹೂಂ, ಆಮೇಲೆ?” ಎನ್ನುತ್ತ, ಕೊನೆಗೆ, “ಅದಕ್ಕೇನೀಗ, ತಿದ್ದಿದರೆ ಆಯ್ತಲ್ಲ ರೀ,” ಎಂದುಬಿಡುತ್ತಾಳೆ. ಅವಳು ಹೇಳುವುದು ಸರಿಯೇ ಇರುತ್ತದೆ. ತಿದ್ದಿದರೆ ಆಯಿತು. ಹಾಗಾಗಿ ಹೇಳಲಿಲ್ಲ. ಈಗ ತಿನ್ನುತ್ತಿದ್ದದ್ದು ಏನೆಂದು ಗಮನಿಸದೆ ತಿಂದು, ಮಾವ, “ಕೊಡೆ ತಗೊಳ್ಳಲಾ ಬೇಡ್ವಾ ಅಂತಾದ್ರೂ ಹೇಳಿ ಹೋಗಿ, ನಿಮ್ಮಂಥವರು ಮನೇಲಿದ್ದು ಏನು ಬಂತು,” ಎಂದದ್ದಕ್ಕೆ, “ಗೊತ್ತಿಲ್ಲ ಮಾವ,” ಎಂದ. ಗೊತ್ತಿಲ್ಲ. ಎಷ್ಟು ಸಲೀಸಾಗಿ ಬಂತು ಮಾತು. ಪ್ರೋಗ್ರಾಂ ಬರೆದ ದಿನ ಯಾಕೆ ಬರಲಿಲ್ಲ?

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಯ ಗಾಜಿಗೆ ಹಣೆ ಆನಿಸಿದರೆ ಇಂಜಿನ್ನಿನ ನಡುಕ ತಲೆಯೊಳಗೇ ನಡೆದಂತಾಗುತ್ತಿತ್ತು. ಆಕಾಶದ ಕಡೆ ನೋಡಬಾರದೆಂದು ಅಂಗಡಿಗಳ ಬೋರ್ಡು ಓದುತ್ತ ಹೋದ. ಹಗಲು ರಿಪೇರಿ ಅಂಗಡಿಯಲ್ಲಿ ರೇಡಿಯೋ ಬಿಚ್ಚುತ್ತ, ಸಂಜೆ ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲೂ ಹೀಗೆಯೇ ಬೋರ್ಡು ಓದುತ್ತ ಹೋಗುತ್ತಿದ್ದ. ನಿದ್ದೆ ಬರಬಾರದಲ್ಲ, ಅದಕ್ಕೆ. ಸಂಜೆ ತರಗತಿಯಲ್ಲಿ ಎಲ್ಲರೂ ದಿನವಿಡೀ ಎಲ್ಲಾದರೂ ದುಡಿದು ಬಂದವರೇ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ಅರ್ಧ ತರಗತಿಯ ಕತ್ತು ಎದೆಗೆ ಬೀಳುತ್ತಿತ್ತು. ಅವನು ಮಾತ್ರ ತೊಡೆ ಚಿವುಟಿಕೊಂಡು ಎಚ್ಚರವಿರುತ್ತಿದ್ದ. “ಅರ್ಥ ಆಯ್ತಾ?” ಎಂದು ಮೇಷ್ಟ್ರು ತಿರುಗಿದಾಗ ಅವನೊಬ್ಬನೇ ತಲೆಯಾಡಿಸಬೇಕು, ಪಾಪ ಅವರಿಗೂ ಬೇಸರವಾಗಬಾರದು. ಅರ್ಥವಾಗಿರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅವನು ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟವನಲ್ಲ. ಗೊತ್ತಿಲ್ಲದ್ದಕ್ಕೂ ಏನಾದರೊಂದು ಬರೆದು, ಕೊನೆಗೆ ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆಯುತ್ತಿದ್ದ. ಖಾಲಿ ಹಾಳೆ ಕಂಡರೆ ಅವನಿಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಖಾಲಿ ಬಿಟ್ಟವನು ದಡ್ಡನೆಂದು ದೂರದಿಂದಲೇ ತಿಳಿಯುತ್ತದೆ, ತಪ್ಪು ಬರೆದವನು ಸಿಕ್ಕಿಬೀಳಬೇಕಾದರೆ ಯಾರಾದರೂ ಕೂತು ಓದಬೇಕು. ಇಷ್ಟು ವರ್ಷ ಅವನ ಸೊನ್ನೆಗಳನ್ನು ಯಾರೂ ಕೂತು ಓದಿರಲಿಲ್ಲ. ಒಬ್ಬರು ಓದಿದ್ದರು, ಓದಿ ನಂಬಿದ್ದರು.

ಅದನ್ನು ನೆನೆಯಬಾರದೆಂದೇ ಅವನು ಬೋರ್ಡು ಓದುತ್ತಿದ್ದದ್ದು. ಉಪಗ್ರಹ ಮೇಲಿನಿಂದ ನೋಡುತ್ತದೆ. ಅದಕ್ಕೆ ಸಿಗುವುದು ಹೊಳಪು ಮತ್ತು ಶಾಖ. ಅಷ್ಟರಿಂದಲೇ ಮೋಡ ಒಂದೇ ಪದರವೋ, ಒಂದರ ಮೇಲೆ ಇನ್ನೊಂದು ಇದೆಯೋ ಎಂದು ಗುರುತಿಸುವ ವಿಧಾನವನ್ನು ಕಟ್ಟಿದ್ದವರು ಅವನ ಆಫೀಸಿನ ಮೇಡಂ. ಅವನಿಗಿಂತ ಹದಿನೈದು ವರ್ಷ ಚಿಕ್ಕವರು, ಗುತ್ತಿಗೆಯ ಕೆಲಸ, ತಾಯಿಯನ್ನು ಕರೆದುಕೊಂಡು ಈ ಊರಿಗೆ ಬಂದು ಮನೆ ಮಾಡಿದವರು. ಆ ವಿಧಾನ ಸರಿಯೋ ತಪ್ಪೋ ಎಂದು ಹೇಳಬೇಕಾದದ್ದು ಅವನ ಲೈಡಾರು. ಉಪಗ್ರಹ ನೆತ್ತಿಯ ಮೇಲೆ ಹಾದುಹೋದಾಗಲೆಲ್ಲ ಅದು ಹೇಳಿದ್ದನ್ನೂ ಇದು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಆಫೀಸಿನಲ್ಲಿ ಅವನ ಅಳತೆಗಳಿಗೆ ‘ನೆಲದ ಸಾಕ್ಷಿ’ ಎನ್ನುತ್ತಿದ್ದರು. ಕಳೆದ ವರ್ಷದ ಸಭೆಯಲ್ಲಿ ಮೊದಲ ಸಲ ಎರಡನ್ನೂ ಹೋಲಿಸಿದಾಗ, ಮೇಡಂ ಎರಡು ಪದರ ಎಂದ ಕಡೆ ಬಹಳ ಸಲ ಸಾಕ್ಷಿ ಒಂದೇ ಎಂದಿತ್ತು. “ಇಲ್ಲದ ಮೋಡ ನಿಮಗೊಬ್ಬರಿಗೆ ಹೇಗಮ್ಮಾ ಕಾಣುತ್ತೆ?” ಎಂದು ನಿರ್ದೇಶಕರು ಕೇಳಿದ್ದರು. ಕೋಣೆ ನಕ್ಕಿತ್ತು. ಮೇಡಂ ಕಿವಿ ಕೆಂಪಗೆ ಮಾಡಿಕೊಂಡು ನೀರು ಕುಡಿದಿದ್ದರು. ಮೂಲೆಯ ಕುರ್ಚಿಯಲ್ಲಿ ಅವನಿಗೆ ಆಗ ಏನಾಗಿತ್ತು? ಪಾಪ ಅನ್ನಿಸಿತ್ತು, ನಿಜ. ಅದರ ಕೆಳಗೆ ಒಂದು ಬೆಚ್ಚನೆಯ ಹೆಮ್ಮೆಯೂ ಇತ್ತು. ಇಷ್ಟು ಓದಿದವರು ತಪ್ಪು, ತನ್ನ ಯಂತ್ರ ಸರಿ.

ಅದಾದ ಮೇಲೆ ಮೇಡಂ ಅವನ ಕೋಣೆಗೆ ಬರತೊಡಗಿದ್ದರು. ಇದ್ದ ಒಂದೇ ಸ್ಟೂಲಿನ ಮೇಲೆ ಕೂತು ಒಂದೊಂದೇ ದಿನವನ್ನು ಪರದೆಯ ಮೇಲೆ ತೆಗೆಸುತ್ತಿದ್ದರು. ಬೆಳಕು ಬಿಡುವ ಯಂತ್ರದವನೆಂದು ಇಡೀ ಆಫೀಸಿಗೆ ಅವನು ‘ಕಂದೀಲು’. ಅವರು ಮಾತ್ರ ‘ಸರ್’ ಎನ್ನುತ್ತಿದ್ದರು. ಹಾಗೆನ್ನಬೇಡಿ ಎಂದು ಹೇಳಲೂ ಅವನಿಗೆ ಸಂಕೋಚ, ಕೇಳಿಸಿಕೊಳ್ಳಲೂ ಸಂಕೋಚ. “ಸರ್, ಈ ದಿನ ಮೇಲೆ ಖಂಡಿತ ಏನೂ ಇಲ್ವಾ? ನನಗೆ ಯಾಕೋ ಇದೆ ಅನ್ನಿಸ್ತಿದೆ.” ಅವನು ಪೆನ್ನಿನ ತುದಿಯಿಂದ ತೋರಿಸಿ, “ಇಲ್ಲಮ್ಮ, ನೋಡಿ, ಸೊನ್ನೆ,” ಎಂದಿದ್ದ. ಒಂದು ಸಲವಲ್ಲ. ಅವರು ಹೂಂಗುಟ್ಟಿ ಬರೆದುಕೊಂಡು ಹೋಗುತ್ತಿದ್ದರು. ಹೋಗಿ ತಮ್ಮ ವಿಧಾನವನ್ನು ಸ್ವಲ್ಪ ಬಿಗಿ ಮಾಡುತ್ತಿದ್ದರು. ಅನುಮಾನವಿದ್ದಲ್ಲಿ ಮೇಲಿನ ಮೋಡ ಇಲ್ಲವೆನ್ನು. ಇನ್ನೂ ಸ್ವಲ್ಪ ಬಿಗಿ. ತಿಂಗಳು ತಿಂಗಳಿಗೂ ಹೊಂದಾಣಿಕೆ ಏರುತ್ತ ಬಂದು ಈಗ ನೂರಕ್ಕೆ ತೊಂಬತ್ತರ ಹತ್ತಿರ ಬಂದಿತ್ತು. ಇವತ್ತಿನ ಸಭೆಯಲ್ಲಿ ಅದನ್ನೇ ತೋರಿಸುವವರಿದ್ದರು. ತೋರಿಸಿದರೆ ಗುತ್ತಿಗೆ ಮುಂದುವರಿಯುತ್ತದೆ, ವಿಧಾನವನ್ನು ಉಪಗ್ರಹದ ಇಷ್ಟು ವರ್ಷಗಳ ಚಿತ್ರಗಳಿಗೆಲ್ಲ ಹಾಕುತ್ತಾರೆ. ಮೇಲಿನಿಂದ ಎಲ್ಲವನ್ನೂ ನೋಡಬಲ್ಲದ್ದಕ್ಕೆ, ಕೆಳಗೆ ಕೂತ ಅವನ ಯಂತ್ರ ಎಷ್ಟು ಕುರುಡೋ ಅಷ್ಟೇ ಕುರುಡಾಗುವುದನ್ನು ಮೇಡಂ ವರ್ಷವಿಡೀ ಕೂತು ಕಲಿಸಿದ್ದರು. ಪಾಠ ಹೇಳಿಕೊಟ್ಟವನು ಅವನು.

“ಏನಪ್ಪ ಕಂದೀಲು, ಮುಖದಲ್ಲಿ ಎಣ್ಣೆ ತೀರಿದ ಹಾಗಿದೆಯಲ್ಲ?” ಗೇಟಿನ ಬಳಿ ಸ್ಟೋರ್ ನೋಡಿಕೊಳ್ಳುವವನು ಬೀಡಿ ಆರಿಸುತ್ತ ಕೇಳಿದ. “ಹೊರಗಿನಿಂದ ದೊಡ್ಡೋರು ಬಂದಿದಾರಂತೆ. ಬೆಳಕು ಬಿಟ್ಟು ತೋರಿಸ್ತೀಯಾ ಹೇಗೆ?”

“ಹಗಲಲ್ಲಿ ಕಾಣಲ್ಲ ಅದು.”

“ನೀನೂ ಹಾಗೇ ಅಲ್ವಾ,” ಎಂದು ಅವನು ಬೆನ್ನು ತಟ್ಟಿ ನಕ್ಕ. ಒಳ್ಳೆಯ ಮನುಷ್ಯ. ಲೈಡಾರಿಗೆ ಬೇಕಾದ ಒಂದು ನಟ್ಟು ಸಿಗದಿದ್ದಾಗ ಹಳೇ ಸಾಮಾನಿನ ರಾಶಿಯಲ್ಲೆಲ್ಲ ಹುಡುಕಿ ತಂದುಕೊಟ್ಟವನು. ಇವನಿಗೆ ಹೇಳಿದರೆ ಹೇಗೆ ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ಯಾರಿಗಾದರೂ ಹೇಳಿ ಇಳಿಸಿಬಿಡಬೇಕು. ಆದರೆ ಇಳಿಸಬೇಕಾದ ಜಾಗ ಒಂದೇ ಎಂದು ಮೆಟ್ಟಿಲು ಹತ್ತುವಾಗ ತನಗೆ ತಾನೇ ಹೇಳಿಕೊಂಡ. ತಿಳಿಯುವ ಹಕ್ಕು ಮೊದಲು ಮೇಡಂ ಅವರದು. ಈ ಮಾತು ಎಷ್ಟು ಸರಿಯಾಗಿತ್ತೆಂದರೆ, ಮೇಲಿನ ಮಹಡಿ ತಲುಪುವಷ್ಟರಲ್ಲಿ ಅವನಿಗೆ ಸ್ವಲ್ಪ ಧೈರ್ಯವೂ ಬಂದಿತ್ತು.

ಮೇಡಂ ಕಿಟಕಿಯ ಬಳಿ ಫೋನಿನಲ್ಲಿ ತಾಯಿಯ ಜೊತೆ ಮಾತಾಡುತ್ತಿದ್ದರು. “ಇಲ್ಲಮ್ಮ, ಮಧ್ಯಾಹ್ನ ಆಗುತ್ತೆ. ಹೂಂ, ಪಕ್ಕದ ಮನೆ ಆಂಟಿ ಜೊತೆ ಹೋಗಿ ಬಾ. ಆದ ತಕ್ಷಣ ಫೋನ್ ಮಾಡ್ತೀನಿ. ಹೆದರಬೇಡ.” ಅವನನ್ನು ಕಂಡು ನಕ್ಕರು. ಹೊಸದಾಗಿ ಇಸ್ತ್ರಿ ಮಾಡಿದ ಬಟ್ಟೆ, ಒಂದು ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು.

“ಸರ್, ನೀವು ಮುಂದಿನ ಸಾಲಲ್ಲೇ ಕೂತ್ಕೋಬೇಕು ಇವತ್ತು. ಮೂಲೆ ಸೇರ್ಕೋಬೇಡಿ.”

“ಮೇಡಂ, ಒಂದು ವಿಷಯ ಇತ್ತು.”

ಹೇಳಿದ. ಹೇಳುವಾಗ ಕೆಂಪು ಮೋಡದಿಂದ ಶುರುಮಾಡಿದ್ದು ತಪ್ಪಾಯಿತು ಎಂದು ಅರ್ಧದಲ್ಲಿ ಹೊಳೆಯಿತು. ಅದು ಏನೋ ಕತೆಯ ಹಾಗೆ ಕೇಳಿಸುತ್ತಿತ್ತು, ಅವರು ನಗುಮುಖದಲ್ಲೇ ಕೇಳುತ್ತಿದ್ದರು. ಸೊನ್ನೆ ಎಂಬ ಮಾತು ಬಂದಾಗ ನಗು ಹೋಗಲಿಲ್ಲ, ಮುಖದ ಮೇಲೆ ಹಾಗೆಯೇ ಉಳಿದುಕೊಂಡಿತು, ಯಾರೋ ಎತ್ತಿಡಲು ಮರೆತ ಸಾಮಾನಿನ ಹಾಗೆ.

“ಇಂಥವು ಎಷ್ಟಿವೆ?”

“ಸರಿಯಾಗಿ ಎಣಿಸಿಲ್ಲ. ಮೂರರಲ್ಲಿ ಒಂದು ಪಾಲು ಇರಬಹುದು.”

“ಹಾಗಾದ್ರೆ ಹೋದ ವರ್ಷ ನಾನು ತೋರಿಸಿದ್ದೇ ಸರಿ ಇತ್ತು.”

“ಪೂರ್ತಿ ಸರಿ ಅಂತ ಹೇಳಕ್ಕೆ ಬರಲ್ಲ ಮೇಡಂ, ಯಾಕಂದ್ರೆ ನಮಗೆ ಕಂಡೇ ಇಲ್ಲ. ಆದರೆ...”

“ಈಗ ಇರೋದಕ್ಕಿಂತ ಸರಿ ಇತ್ತಾ ಇಲ್ವಾ, ಅಷ್ಟು ಹೇಳಿ.”

“ಇತ್ತು.”

ಮೇಡಂ ಕೈಯಲ್ಲಿದ್ದ ಬಿಸ್ಕತ್ತನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. “ನಾನು ಕೇಳಿದ್ದೆ ಸರ್. ಎಷ್ಟು ಸಲ ಬಂದು ಕೇಳಿದ್ದೆ.”

“ಹೌದು.”

“ಮತ್ತೆ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ಮೊದಲು ನಿಮಗೆ ಹೇಳೋಣ ಅಂತ.”

“ಯಾಕೆ?”

ಹಕ್ಕಿನ ಮಾತು ನಾಲಗೆಯವರೆಗೆ ಬಂತು. ಅವರ ಮುಖ ನೋಡಿದ ಮೇಲೆ ಆ ಮಾತು ಬರೀ ಮೆಟ್ಟಿಲು ಹತ್ತಲು ಹಿಡಿದುಕೊಂಡ ಕೋಲಾಗಿತ್ತೆಂದು ತಿಳಿಯಿತು. ರಾತ್ರಿಯೆಲ್ಲ ಹೊತ್ತು ಸಾಕಾಗಿತ್ತು, ಇನ್ನೊಬ್ಬರ ತಲೆಯ ಮೇಲಿಡಬೇಕಿತ್ತು, ಇಟ್ಟಾಯಿತು.

“ಇವತ್ತಿನದು ತಪ್ಪಿದರೆ ಮುಂದಿನ ಸಭೆ ಹೊತ್ತಿಗೆ ನಾನು ಇಲ್ಲಿರಲ್ಲ, ಅದು ನಿಮಗೆ ಗೊತ್ತಿದೆ ಅಲ್ವಾ?” ಮೇಡಂ ದನಿ ಏರಿಸಲಿಲ್ಲ. “ನಾನು ಏನು ಮಾಡಲಿ ಅಂತ ಹೇಳ್ತಿದೀರಿ?”

“ನೀವು ಹೇಗೆ ಹೇಳ್ತೀರೋ ಹಾಗೆ.”

“ನಾನು ಹೇಳಿದ ಹಾಗಾ.” ಅವರು ಅದನ್ನೇ ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡರು. ಆಮೇಲೆ ಸಭೆಗೆ ಕರೆಯಲು ಯಾರೋ ಬಂದರು.

ಅವನು ಮುಂದಿನ ಸಾಲಿನಲ್ಲೇ ಕೂತ. ಅಷ್ಟು ಮುಂದೆ ಕೂತು ಅಭ್ಯಾಸವಿಲ್ಲದೆ ಕಾಲು ಎಲ್ಲಿಡಬೇಕೋ ತಿಳಿಯದಾಯಿತು. ದೀಪ ಆರಿಸಿದರು. ಮೇಡಂ ಶುರು ಮಾಡಿದರು. ಈಗ ಹೇಳುತ್ತಾರೆ, ಮೊದಲ ಮಾತಿಗೇ ಹೇಳಿಬಿಡುತ್ತಾರೆ ಎಂದು ಅವನು ಕಾದ. ಹೇಳಲಿ ಎಂದು ಆಸೆಪಟ್ಟ. ಹೇಳಬಾರದೆಂದೂ ಆಸೆಪಟ್ಟ. ಎರಡೂ ಆಸೆ ಒಟ್ಟಿಗೇ, ಒಂದರ ಮೈಮೇಲೆ ಇನ್ನೊಂದು ಬಿದ್ದುಕೊಂಡು, ಯಾವುದು ತನ್ನದೆಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಮೇಡಂ ಚೆನ್ನಾಗಿ ಮಾತಾಡಿದರು. ಉಪಗ್ರಹದ ಚಿತ್ರ ಬಂತು, ಲೈಡಾರಿನ ಚಿತ್ರ ಬಂತು. “ನೆಲದ ಅಳತೆಗಳನ್ನು ನಮ್ಮ ಸರ್ ಕೊಟ್ಟಿದ್ದಾರೆ,” ಎಂದು ಅವನತ್ತ ಕೈ ತೋರಿದಾಗ ಕತ್ತಲಲ್ಲಿ ಒಂದೆರಡು ತಲೆ ತಿರುಗಿದವು. ಹೊಂದಾಣಿಕೆಯ ಗೆರೆ ಮೇಲಕ್ಕೆ ಏರುತ್ತ ಹೋಯಿತು. ಅಷ್ಟು ಚೆಂದದ ಗೆರೆಯನ್ನು ಅವನು ಈವರೆಗೆ ಯಾವ ಸಭೆಯಲ್ಲೂ ನೋಡಿರಲಿಲ್ಲ. ಏರಿದ ಒಂದೊಂದು ಮೆಟ್ಟಿಲಿಗೂ ಆಕಾಶದಲ್ಲಿ ಇದ್ದ ಒಂದಿಷ್ಟು ಮೋಡ ಇಲ್ಲವಾಗಿತ್ತು. ದೀಪ ಹತ್ತಿತು. ನಿರ್ದೇಶಕರು ಚಪ್ಪಾಳೆ ತಟ್ಟಿದರು.

ಹೊರಗಿನಿಂದ ಬಂದಿದ್ದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಬಹಳ ಸೌಮ್ಯವಾಗಿ ಕೇಳಿದರು: “ಒಂದು ಸಣ್ಣ ಅನುಮಾನ. ಕೆಳಗಿನ ಮೋಡ ದಪ್ಪ ಇದ್ದರೆ ಲೈಡಾರಿನ ಬೆಳಕು ಮೇಲಕ್ಕೆ ಹೋಗೋದೇ ಇಲ್ಲ. ಅಂಥ ಹೊತ್ತಲ್ಲಿ ಬಂದ ಅಳತೆಗಳನ್ನ ಏನು ಮಾಡಿದ್ರಿ?”

ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ಅದನ್ನ ಸರ್ ಹೇಳಬೇಕು,” ಎಂದರು.

ಅವನು ಎದ್ದು ನಿಂತ. ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳುವ ಸಭೆಯಲ್ಲ ಅದು. “ಕೂತೇ ಹೇಳಿ, ಇದೇನು ಸ್ಕೂಲಾ,” ಎಂದು ನಿರ್ದೇಶಕರು ನಕ್ಕರು. ಅವನು ಕೂತ. ಕೂತಾಗ ಕುರ್ಚಿ ಕಿರುಗುಟ್ಟಿತು. ಎಲ್ಲರ ಮುಖ ಅವನತ್ತ ತಿರುಗಿತ್ತು, ಒಬ್ಬರಿಗೂ ಅವಸರವಿರಲಿಲ್ಲ. ಸೊನ್ನೆ ಹಾಕಿದೆ. ಎರಡೇ ಮಾತು. ಮೇಡಂ ಅವರ ತಾಯಿ ಪಕ್ಕದ ಮನೆಯವರ ಜೊತೆ ಎಲ್ಲೋ ಹೋಗಿರುವುದು, ಫೋನಿಗೆ ಕಾದಿರುವುದು ಅವನ ಮನಸ್ಸಿಗೆ ಬಂತು; ಅದನ್ನು ಬೇಕೆಂದೇ ತಂದುಕೊಂಡೆ ಎಂಬುದೂ ಬಂತು. ಯಾಕೆಂದರೆ ಅವನಿಗೆ ನಿಜವಾಗಿ ಕಾಣುತ್ತಿದ್ದದ್ದು ಆ ತಾಯಿಯಲ್ಲ. ಸೊನ್ನೆ ಎಂದ ಕೂಡಲೇ ಈ ಮುಖಗಳಲ್ಲಿ ನಿಧಾನವಾಗಿ ಹರಡುವ ನಗು ಕಾಣುತ್ತಿತ್ತು. ಸಂಜೆ ಕಾಲೇಜಿನವನಲ್ಲವೇ, ಕಂದೀಲಿನ ಹತ್ತಿರ ಇನ್ನೇನು ಸಿಕ್ಕೀತು. ಹೋದ ವರ್ಷ ಇನ್ನೊಬ್ಬರ ಮೇಲೆ ಬಿದ್ದ ನಗು ಈಗ ಹುಡುಕಿಕೊಂಡು ಬಂದು ತನ್ನ ಮೇಲೆ ಕೂರುತ್ತದೆ. ಅದೊಂದು ಬೇಡವಾಗಿತ್ತು. ಬೇರೆ ಏನಾದರೂ ಆಗಲಿ.

“ಅಂಥವನ್ನ ಬಿಟ್ಟಿದೀವಿ ಸರ್. ಲೆಕ್ಕಕ್ಕೆ ತಗೊಂಡಿಲ್ಲ.”

ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. ತಡವರಿಕೆಯಿರಲಿಲ್ಲ. ಇಷ್ಟು ವರ್ಷ ನಿಜ ಹೇಳುವಾಗಲೆಲ್ಲ ತೊದಲಿದ್ದವನು ಈಗ ನೀರು ಕುಡಿದಷ್ಟು ಸಲೀಸಾಗಿ ಹೇಳಿದ್ದ.

“ಒಳ್ಳೇದು,” ಎಂದರು ಹಿರಿಯರು. ಅವರಿಗೆ ನಿಜವಾಗಿ ಸಂತೋಷವಾದ ಹಾಗಿತ್ತು. “ಸುಮಾರು ಕಡೆ ನೋಡಿದೀನಿ, ಅಲ್ಲಿ ಸೊನ್ನೆ ತುಂಬಿಬಿಡ್ತಾರೆ. ಆಮೇಲೆ ಮೋಡಾನೇ ಇಲ್ಲ ಅಂತ ವಾದ ಮಾಡ್ತಾರೆ.”

ಎಲ್ಲರೂ ನಕ್ಕರು. ಅವನೂ ನಕ್ಕ. ಮೇಡಂ ನಕ್ಕರೋ ಇಲ್ಲವೋ ನೋಡುವ ಧೈರ್ಯವಾಗಲಿಲ್ಲ.

“ನೋಡಿ, ಇಂಥವರು ಬೇಕು ನಮಗೆ,” ನಿರ್ದೇಶಕರು ಹಿರಿಯರಿಗೆ ಹೇಳಿದರು. “ಬಾಯಿ ಬಿಡಲ್ಲ, ಕೆಲಸ ಮಾತ್ರ ಅಚ್ಚುಕಟ್ಟು.” ಮೇಡಂ ಅವರ ಗುತ್ತಿಗೆ ಮುಂದುವರಿಯಿತು. ವಿಧಾನವನ್ನು ಹಳೆಯ ಚಿತ್ರಗಳಿಗೆಲ್ಲ ಹಾಕಬೇಕೆಂದಾಯಿತು. ಹೊರಡುವಾಗ ನಿರ್ದೇಶಕರು ಅವನ ಭುಜದ ಮೇಲೆ ಕೈಯಿಟ್ಟು, “ಆ ಬಿಟ್ಟದ್ದರ ಬಗ್ಗೆ ವರದಿಯಲ್ಲಿ ಒಂದು ಸಾಲು ಸೇರಿಸಿಬಿಡಿ, ಸಂಜೆಯೊಳಗೆ ಕಳಿಸ್ಬೇಕು. ಮತ್ತೆ ಬರೆದವರ ಹೆಸರಲ್ಲಿ ನಿಮ್ಮದೂ ಹಾಕೋಕೆ ಹೇಳಿದೀನಿ. ಇಷ್ಟು ದಿನ ಹಾಕದೆ ಇದ್ದದ್ದೇ ತಪ್ಪು,” ಎಂದರು. ಆ ಕೈಯ ಭಾರ ಅವರು ಹೋದ ಮೇಲೂ ಭುಜದ ಮೇಲೆ ಉಳಿಯಿತು. ಅದು ಅವನಿಗೆ ಹಿತವಾಗಿತ್ತು. ಹಿತವಾಗಿದ್ದದ್ದು ಗೊತ್ತಾಗಿ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಹಿತ ಹೋಗಲಿಲ್ಲ.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಈಗಲೇ ಹೋಗಿ ಹೇಳಬಹುದು, ಹಿರಿಯರು ಇನ್ನೂ ಊಟದ ಕೋಣೆಯಲ್ಲಿದ್ದರು. ಬೆಳಿಗ್ಗೆಯವರೆಗೆ ಅದು ಬರೀ ತಪ್ಪಾಗಿತ್ತು, ಹೆಂಡತಿ ಹೇಳುವ ಹಾಗೆ ತಿದ್ದಿದರೆ ಮುಗಿಯುತ್ತಿತ್ತು; ಈಗ ಸುಳ್ಳೂ ಸೇರಿತ್ತು. ಅಥವಾ ಆ ಮೂರರಲ್ಲೊಂದು ಪಾಲನ್ನು ನಿಜವಾಗಿಯೂ ತೆಗೆದುಹಾಕಿ ಲೆಕ್ಕವನ್ನು ಹೊಸದಾಗಿ ಓಡಿಸಬಹುದು. ಆಗ ಹೇಳಿದ ಸುಳ್ಳು ನಿಜವಾಗುತ್ತದೆ. ಓಡಿಸಿ ನೋಡಿದ. ಬೆಳಕು ಸರಿಯಾಗಿ ತಲುಪಿದ ದಿನಗಳು ಮಾತ್ರ ಉಳಿದವು. ಆ ದಿನಗಳಲ್ಲಿ ಕೆಲವು ಸಲ ಎರಡು ಪದರ ಇದ್ದದ್ದು ಲೈಡಾರಿಗೆ ಸ್ಪಷ್ಟವಾಗಿ ಕಂಡಿತ್ತು. ಮೇಡಂ ಬಿಗಿ ಮಾಡಿದ್ದ ವಿಧಾನ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಲ್ಲ ಎಂದಿತ್ತು; ಇದನ್ನು ತೋರಿಸಿದರೆ ಆ ಚೆಂದದ ಗೆರೆ ಉಳಿಯುವುದಿಲ್ಲ. ಪರದೆಯನ್ನು ತುಂಬ ಹೊತ್ತು ನೋಡುತ್ತ ಕೂತ. ಆಮೇಲೆ ಅದನ್ನು ಉಳಿಸದೆ ಮುಚ್ಚಿದ. ನಿರ್ದೇಶಕರು ಕೇಳಿದ ಸಾಲನ್ನು ಬರೆಯತೊಡಗಿದ. ‘ಬೆಳಕು ತಲುಪದ ಸಂದರ್ಭಗಳನ್ನು ಹೋಲಿಕೆಯಿಂದ ಬಿಡಲಾಗಿದೆ.’ ಬಿಡಲಾಗಿದೆಯೋ, ಹೊರಗಿಡಲಾಗಿದೆಯೋ? ಹೊರಗಿಡಲಾಗಿದೆ ಎಂದರೆ ಹೆಚ್ಚು ನಿಖರ. ಅಳಿಸಿ ಹಾಗೆ ಬರೆದ. ಪೂರ್ತಿಯಾಗಿ ತಲುಪದ, ಎಂದರೆ? ಮತ್ತೆ ತಿದ್ದಿದ. ಇಂಥ ವಿಷಯದಲ್ಲಿ ಅವನು ಉದಾಸೀನ ಮಾಡುವವನಲ್ಲ.

ಬಾಗಿಲು ತಟ್ಟದೆ ಮೇಡಂ ಒಳಗೆ ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ.

“ನೀವು ಹೇಳಿಬಿಡ್ತೀರಿ ಅಂದ್ಕೊಂಡಿದ್ದೆ,” ಎಂದರು.

ಅವನು ಎದ್ದು ನಿಂತ.

“ನನ್ನ ಕೈಲಿ ಆಗಲಿಲ್ಲ. ನಿಂತ್ಕೊಂಡು ಮಾತಾಡ್ತಾ ಇದ್ದಷ್ಟು ಹೊತ್ತೂ ಈಗ ಹೇಳ್ತೀನಿ, ಈಗ ಹೇಳ್ತೀನಿ ಅಂತಿದ್ದೆ. ಆಮೇಲೆ ಅವರು ಕೇಳಿದ್ರಲ್ಲ, ಸದ್ಯ ಅನ್ನಿಸ್ತು. ನಿಮಗೆ ಸುಳ್ಳು ಹೇಳಕ್ಕೆ ಬರಲ್ಲ, ನೀವು ಹೇಳೇ ಹೇಳ್ತೀರಿ, ನನ್ನ ಹಣೇಲಿ ಬರೆದದ್ದು ಆಗಲಿ ಅಂತ ನಿಮಗೆ ಬಿಟ್ಟೆ.”

“ಮೇಡಂ, ನಿಮಗೋಸ್ಕರ...”

“ನನಗೋಸ್ಕರ ಅಂತ ಮಾತ್ರ ಹೇಳಬೇಡಿ.”

ಹೊರಗೆ ಯಾರೋ ನಗುತ್ತ ಕಾರಿಡಾರು ದಾಟಿ ಹೋದರು. ಇಬ್ಬರೂ ಅದು ದೂರವಾಗುವವರೆಗೆ ಕಾದರು. ಅವನಿಗೆ ಏನಾದರೂ ಹೇಳಬೇಕಿತ್ತು. ಈಗಲೂ ಹೋಗೋಣ, ಇಬ್ಬರೂ ಒಟ್ಟಿಗೆ ಹೋಗಿ ಹೇಳೋಣ ಎನ್ನಬೇಕಿತ್ತು. ಅವರೂ ಅದನ್ನೇ ಕಾಯುತ್ತಿದ್ದರೇನೋ, ಅವನ ಬಾಯಿಯತ್ತ ಒಂದು ಗಳಿಗೆ ನೋಡಿದರು. ಅವರೇ ಹೇಳಬಹುದಿತ್ತು; ಅವರ ಬಾಯಿಯತ್ತ ಅವನೂ ನೋಡಿದ. ಊಟದ ಕೋಣೆಯ ಕಡೆಯಿಂದ ಹಿರಿಯರ ಕಾರು ಹೊರಟ ಸದ್ದು ಬಂತು.

“ಅಮ್ಮನಿಗೆ ಫೋನ್ ಮಾಡ್ದೆ,” ಮೇಡಂ ಹೇಳಿದರು. “ಅತ್ತುಬಿಟ್ಟರು, ಖುಷಿಗೆ.” ಆಮೇಲೆ ಅವನ ಪಕ್ಕಕ್ಕೆ ಬಂದು ಪರದೆಯ ಮೇಲಿದ್ದ ಸಾಲನ್ನು ಓದಿದರು. “ಸರಿ ಇದೆ. ‘ಎಲ್ಲ’ ಅಂತ ಸೇರಿಸಿ. ಎಲ್ಲ ಸಂದರ್ಭಗಳನ್ನು. ಇಲ್ಲದಿದ್ದರೆ ಕೆಲವು ಉಳಿಸಿಕೊಂಡಿದಾರೆ ಅಂತ ಯಾರಾದರೂ ಕೇಳಬಹುದು.”

ಅವನು ಸೇರಿಸಿದ.

ಮೇಡಂ ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು ವರದಿಯ ಮೊದಲ ಪುಟಕ್ಕೆ ಹೋದರು. ಅಲ್ಲಿ ಅವರ ಹೆಸರಿತ್ತು. ಅದರ ಮುಂದೆ ಒಂದು ಅಲ್ಪವಿರಾಮ ಹಾಕಿ ನಿಲ್ಲಿಸಿದರು.

“ನಿಮ್ಮ ಹೆಸರು ಹೇಗೆ ಬರೀಬೇಕು? ಇನಿಷಿಯಲ್ ಮುಂದೆಯಾ, ಹಿಂದೆಯಾ?”

ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. “ಮುಂದೆ,” ಎಂದ.

ಅವರು ಬರೆದರು. ಅವನು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ಅಕ್ಷರ ಅಕ್ಷರವಾಗಿ ಓದಿಕೊಂಡ.

“ಅಲ್ಲೊಂದು ಒತ್ತು ತಪ್ಪಿದೆ ಮೇಡಂ,” ಎಂದ. “ಹಾಗೇ ಹೋದರೆ ಚೆನ್ನಾಗಿರಲ್ಲ.”

ಅವರು ತಿದ್ದಿದರು.